ಲೆಕ್ಕಕ್ಕಿಂತ ಹೆಚ್ಚು ಸಿಗುವ ಮ್ಯೂಯಾನ್‌ಗಳು

ಅರ್ಜೆಂಟೀನಾದ ಪಶ್ಚಿಮದಂಚು, ಆಂಡಿಸ್ ಸಾಲಿನ ಬುಡ, ಸಮುದ್ರಮಟ್ಟದಿಂದ ಸುಮಾರು 1400 ಮೀಟರ್ ಎತ್ತರ. ಊರು ದಾಟಿದ ಮೇಲೆ ಬರೀ ಬಯಲು: ಕುರುಚಲು ಪೊದೆ, ಧೂಳು, ಅಲ್ಲಲ್ಲಿ ಮೇಯುವ ದನ. ದನಗಳ ನಡುವೆಯೇ ಭುಜದೆತ್ತರದ ಒಂದು ದುಂಡನೆಯ ಪ್ಲಾಸ್ಟಿಕ್ ತೊಟ್ಟಿ ಕಂಡಿತು. ಒಂದೂವರೆ ಕಿಲೋಮೀಟರ್ ಹೋದರೆ ಇನ್ನೊಂದು. ಸುಮಾರು 3000 ಚದರ ಕಿಲೋಮೀಟರಿನಲ್ಲಿ ಇಂಥ 1600ಕ್ಕೂ ಹೆಚ್ಚು ತೊಟ್ಟಿಗಳಿವೆ. ಬಾಹ್ಯಾಕಾಶದಿಂದ ಬರುವ ವಿಶ್ವಕಿರಣ ಕಣಗಳನ್ನು ಹಿಡಿಯಲು ಇಷ್ಟು ಜಾಗ ಬೇಕು. ಅತ್ಯಧಿಕ ಶಕ್ತಿಯ ವಿಶ್ವಕಿರಣ ಚದರ ಕಿಲೋಮೀಟರಿಗೆ ಶತಮಾನಕ್ಕೊಂದು ಬಿದ್ದರೆ ಹೆಚ್ಚು.

ಇಳಿದು ತೊಟ್ಟಿಯ ಸುತ್ತ ಬಂದೆ. ಮೇಲೆ ಸೌರಫಲಕ, ಆಂಟೆನಾ. ಒಳಗೆ ಬೆಳಕು ಹೊಗದಂತೆ ಮುಚ್ಚಿಟ್ಟ 12,000 ಲೀಟರ್ ಶುದ್ಧ ನೀರು. ವಿಶ್ವಕಿರಣ ಮೇಲೆಲ್ಲೋ ಗಾಳಿಯ ಪರಮಾಣುವಿಗೆ ಬಡಿದು ಎಬ್ಬಿಸಿದ ಕಣಗಳ ಸುರಿಮಳೆ ಈ ನೀರನ್ನು ಹೊಕ್ಕಾಗ ಕ್ಷಣಮಾತ್ರ ನೀಲಿ ಬೆಳಕು ಹುಟ್ಟುತ್ತದೆ. ಮೂರು ಸಂವೇದಕಗಳು ಅದನ್ನು ಹಿಡಿಯುತ್ತವೆ. ಆದರೆ ಎಲೆಕ್ಟ್ರಾನ್ ಕೊಟ್ಟ ಬೆಳಕೆಷ್ಟು, ಅದರ ಭಾರದ ನೆಂಟ ಮ್ಯೂಯಾನ್ ಕೊಟ್ಟದ್ದೆಷ್ಟು ಎಂದು ನೀರೊಂದೇ ಸುಲಭವಾಗಿ ಬಿಡಿಸಿ ಹೇಳದು.

ಅದಕ್ಕೇ ಕೆಲವು ತೊಟ್ಟಿಗಳ ಪಕ್ಕದಲ್ಲಿ 2.3 ಮೀಟರ್ ಆಳಕ್ಕೆ ಪತ್ತೆಕಾರಿಗಳನ್ನು ಹೂತಿದ್ದಾರೆ. ಮಣ್ಣು ಇಲ್ಲಿ ಜರಡಿ. ಎಲೆಕ್ಟ್ರಾನ್, ಫೋಟಾನ್‌ಗಳು ಮೇಲೆಯೇ ಉಳಿಯುತ್ತವೆ. ಎಲೆಕ್ಟ್ರಾನಿಗಿಂತ 207 ಪಟ್ಟು ಭಾರದ ಮ್ಯೂಯಾನ್ ಇಳಿದು ಬರುತ್ತದೆ. ನನಗೆ ಕೋಲಾರದ ಚಿನ್ನದ ಗಣಿ ನೆನಪಾಯಿತು. 1965ರಲ್ಲಿ ಅಲ್ಲಿ ವಾತಾವರಣದ ನ್ಯೂಟ್ರಿನೊ ಹಿಡಿಯಲು ಎರಡು ಕಿಲೋಮೀಟರಿಗೂ ಹೆಚ್ಚಿನ ಬಂಡೆಯ ಮರೆ ಬೇಕಾಗಿತ್ತು, ಇದೇ ಮ್ಯೂಯಾನ್‌ಗಳ ಕಾಟ ತಪ್ಪಿಸಲು.

ಕೊನೆಗೆ ಗುಡ್ಡದ ಮೇಲಿನ ದೂರದರ್ಶಕದ ಕಟ್ಟಡ. ಹಗಲಾದ್ದರಿಂದ ಬಾಗಿಲು ಮುಚ್ಚಿತ್ತು. ಬೆಳದಿಂಗಳಿಲ್ಲದ ತಿಳಿರಾತ್ರಿಗಳಲ್ಲಿ ಮಾತ್ರ ಇದಕ್ಕೆ ಕೆಲಸ. ಸುರಿಮಳೆ ಹಾದುಹೋದ ಕಡೆ ಗಾಳಿಯ ಸಾರಜನಕ ಸೂಸುವ ಮಂದ ನೇರಳಾತೀತ ಬೆಳಕನ್ನು ದೊಡ್ಡ ಕನ್ನಡಿಗಳು ಕೂಡಿಸುತ್ತವೆ. ಅದರಿಂದ ಬಂದ ಕಣದ ಶಕ್ತಿ ತಿಳಿಯುತ್ತದೆ, ಮ್ಯೂಯಾನ್ ಎಣಿಕೆಯ ಹಂಗಿಲ್ಲದೆ.

ತೊಡಕು ಶುರುವಾಗುವುದು ಇಲ್ಲೇ. ಶಕ್ತಿ ಗೊತ್ತಿದ್ದರೆ ನೆಲಕ್ಕೆಷ್ಟು ಮ್ಯೂಯಾನ್ ಬರಬೇಕೆಂದು ಗಣಕದಲ್ಲಿ ಲೆಕ್ಕ ಹಾಕಬಹುದು. 2016ರ ವಿಶ್ಲೇಷಣೆಯೊಂದರಲ್ಲಿ ಲೆಕ್ಕವೂ ಅಳತೆಯೂ ಕೂಡಿಬರಬೇಕಾದರೆ ಲೆಕ್ಕದಲ್ಲಿನ ಮ್ಯೂಯಾನ್ ಭಾಗವನ್ನು, ಗಣಕದ ಮಾದರಿ ಯಾವುದೆಂಬುದನ್ನು ಅವಲಂಬಿಸಿ, 1.3ರಿಂದ 1.6 ಪಟ್ಟು ಹಿಗ್ಗಿಸಬೇಕಾಯಿತು. ಅಳತೆಯ ದೋಷವೆಂದು ತಳ್ಳಿಹಾಕಲು ಈ ಅಂತರ ನನಗೆ ತೀರ ದೊಡ್ಡದೆನಿಸಿತು.

ಹಾಗಾದರೆ ಹೊಸ ಭೌತವಿಜ್ಞಾನವೇ? ಅವಸರ ಬೇಡವೆನಿಸುತ್ತದೆ. ಸುರಿಮಳೆಯ ಪ್ರತಿ ಡಿಕ್ಕಿಯಲ್ಲೂ ಪಯಾನ್ ಎಂಬ ಕಣಗಳು ಹುಟ್ಟುತ್ತವೆ. ವಿದ್ಯುದಂಶವಿಲ್ಲದವು ಕೂಡಲೇ ಬೆಳಕಾಗಿ ಮುಗಿಯುತ್ತವೆ. ಉಳಿದವು ಮತ್ತೆ ಡಿಕ್ಕಿ ಹೊಡೆದು, ಕೊನೆಗೆ ಮ್ಯೂಯಾನ್‌ಗಳಾಗುತ್ತವೆ. ಮೊದಲ ಬಗೆಯವಕ್ಕೆ ಹೋಗುವ ಪಾಲು ನಾವಂದುಕೊಂಡದ್ದಕ್ಕಿಂತ ಚೂರೇ ಕಡಿಮೆಯಿದ್ದರೂ ಡಿಕ್ಕಿಯಿಂದ ಡಿಕ್ಕಿಗೆ ವ್ಯತ್ಯಾಸ ಬೆಳೆಯುತ್ತದೆ. ಇದಕ್ಕೆ ಬಲ ಕೊಡುವ ಒಂದು ಸುಳಿವು 2021ರಲ್ಲಿ ಪ್ರಕಟವಾಗಿದೆ: ಒಂದು ಸುರಿಮಳೆಯಿಂದ ಇನ್ನೊಂದಕ್ಕೆ ಮ್ಯೂಯಾನ್ ಸಂಖ್ಯೆಯಲ್ಲಾಗುವ ಏರಿಳಿತ ಮಾದರಿಗಳಿಗೆ ಸರಿಹೊಂದುತ್ತದೆ, ಸರಾಸರಿ ಮಾತ್ರ ಹೊಂದುವುದಿಲ್ಲ. ಮೊಟ್ಟಮೊದಲ ಡಿಕ್ಕಿಯಲ್ಲೇ ವಿಚಿತ್ರವೇನಾದರೂ ನಡೆಯುತ್ತಿದ್ದರೆ ಏರಿಳಿತವೂ ಬೇರೆಯಾಗಿ ಕಾಣುವ ಸಾಧ್ಯತೆ ಹೆಚ್ಚು. ಹಂತಹಂತವಾಗಿ ಕೂಡಿಬಂದ ಸಣ್ಣ ತಪ್ಪೇ ಇರಬೇಕೆಂದು ನನ್ನ ಊಹೆ. ಪಣ ಕಟ್ಟುವಷ್ಟು ಧೈರ್ಯವಿಲ್ಲ.