ಬಿಲ್ಲು, ಬಾಣ ಮತ್ತು ಕಪ್ಪು ಕರಡಿ
ಕ್ಯಾಲಿಫೋರ್ನಿಯದ ಬೇಸಿಗೆ ಕೊನೆಯ ಬೇಟೆ

ನಮ್ಮಲ್ಲಿ ಆಟಿಯ ಮಳೆ ಹಿಂದಾಗಿ ಸೋಣ ತಿಂಗಳು ಕಾಲಿಡುವ ಹೊತ್ತಿಗೆ ಅಮೇರಿಕದ ಪಶ್ಚಿಮ ಕರಾವಳಿಯ ಕ್ಯಾಲಿಫೋರ್ನಿಯದಲ್ಲಿ ಬೇಸಿಗೆ ಕೊನೆಯಾಗುತ್ತಿರುತ್ತದೆ. ಗುಡ್ಡದ ಹುಲ್ಲು ಒಣಗಿ ಹಳದಿಯಾಗಿರುತ್ತದೆ, ತೋಡುಗಳಲ್ಲಿ ನೀರು ಸಣ್ಣಗೆ ಹರಿಯುತ್ತಿರುತ್ತದೆ. ಅಲ್ಲಿ ಕಪ್ಪು ಕರಡಿಯ ಬೇಟೆಗೆ ಬಿಲ್ಲುಗಾರರ ಕಾಲವು ಆಗಸ್ಟ್ ತಿಂಗಳ ಮೂರನೆಯ ಶನಿವಾರ ಆರಂಭವಾಗಿ ಮೂರು ವಾರಕ್ಕೆ ತುಸು ಹೆಚ್ಚು ನಡೆಯುವುದು ಬಹು ವರ್ಷಗಳ ರೂಢಿ. ಬಂದೂಕಿನವರ ಸರದಿ ಆಮೇಲೆ.

ಮುನ್ನೂರು ಗಜ ದೂರದಿಂದ ಗುಂಡು ಹಾರಿಸಿ ಮುಗಿಸಬಹುದಾದ ಕೆಲಸಕ್ಕೆ ಇಂದಿಗೂ ಬಿಲ್ಲು ಹೊತ್ತು ಗುಡ್ಡ ಹತ್ತುವವರಿದ್ದಾರೆ ಎಂದರೆ ನಮಗೆ ಸೋಜಿಗವೆನಿಸಬಹುದು. ಇದು ಬರಿಯ ಹುಚ್ಚೇ, ಅಥವಾ ಇದಕ್ಕೊಂದು ಅರ್ಥವಿದೆಯೇ ಎಂದು ತಿಳಿಯಬೇಕಾದರೆ ಒಬ್ಬ ಮನುಷ್ಯನ ಕಥೆಯಿಂದಲೇ ಆರಂಭಿಸಬೇಕು.

ಇಷಿಯ ಬಿಲ್ಲು

1911ರ ಆಗಸ್ಟ್ ಕೊನೆಯಲ್ಲಿ ಕ್ಯಾಲಿಫೋರ್ನಿಯದ ಓರೊವಿಲ್ ಎಂಬ ಊರಿನ ಕಸಾಯಿಖಾನೆಯ ಬಳಿ ಹಸಿವಿನಿಂದ ಸೊರಗಿದ ಮಧ್ಯವಯಸ್ಕನೊಬ್ಬ ಸಿಕ್ಕಿದ. ಅವನು ಯಾಹಿ ಎಂಬ ಬುಡಕಟ್ಟಿನವನು. ಚಿನ್ನ ಹುಡುಕುತ್ತ, ಭೂಮಿ ಹುಡುಕುತ್ತ ಬಂದ ಬಿಳಿಯರ ಗುಂಡಿಗೂ ಹಸಿವಿಗೂ ಅವನ ಜನವೆಲ್ಲ ಬಲಿಯಾಗಿ, ಉಳಿದವನು ಇವನೊಬ್ಬನೇ. ಮಾನವಶಾಸ್ತ್ರಜ್ಞರಾದ ಆಲ್ಫ್ರೆಡ್ ಕ್ರೋಬರ್ ಮತ್ತು ಥಾಮಸ್ ವಾಟರ್‌ಮನ್ ಅವನನ್ನು ಸ್ಯಾನ್ ಫ್ರಾನ್ಸಿಸ್ಕೊದಲ್ಲಿದ್ದ ವಿಶ್ವವಿದ್ಯಾಲಯದ ವಸ್ತುಸಂಗ್ರಹಾಲಯಕ್ಕೆ ಕರೆತಂದರು. ತನ್ನ ಹೆಸರನ್ನು ತಾನೇ ಹೇಳುವುದು ಅವನ ಕುಲದ ಪದ್ಧತಿಗೆ ಸಲ್ಲದು. ಆದ್ದರಿಂದ ಅವನನ್ನು ‘ಇಷಿ’ ಎಂದು ಕರೆದರು. ಅವನ ಮಾತಿನಲ್ಲಿ ಇಷಿ ಎಂದರೆ ಮನುಷ್ಯ.

ಇಷಿಗೆ ಚಿಕಿತ್ಸೆ ಮಾಡುತ್ತಿದ್ದ ವೈದ್ಯ ಡಾ. ಸ್ಯಾಕ್ಸ್‌ಟನ್ ಪೋಪ್ ಅವನ ಗೆಳೆಯನಾದ, ಮೆಲ್ಲನೆ ಶಿಷ್ಯನೂ ಆದ. ಇಷಿಯ ಬಿಲ್ಲು ಗಿಡ್ಡನೆಯದು. ಗುಡ್ಡಗಾಡಿನ ಜೂನಿಪರ್ ಮರದಿಂದ ಮಾಡಿ ಬೆನ್ನಿಗೆ ಪ್ರಾಣಿಯ ನರ ಅಂಟಿಸಿದ್ದು. ಅದನ್ನೆಳೆಯಲು ಬೇಕಾದ ಬಲ ಸುಮಾರು 45 ಪೌಂಡು. ಬಾಣದ ಮೊನೆಗೆ ಜ್ವಾಲಾಮುಖಿಯ ಕಪ್ಪು ಗಾಜುಗಲ್ಲು; ಅದು ಸಿಗದಿದ್ದರೆ ಒಡೆದ ಬಾಟ್ಲಿಯ ಗಾಜೂ ಆದೀತು. ಬೇಟೆಯ ಹಿಂದಿನ ದಿನ ಅವನು ಮೀನು ತಿನ್ನುತ್ತಿರಲಿಲ್ಲ, ಹೊಗೆಸೊಪ್ಪು ಮುಟ್ಟುತ್ತಿರಲಿಲ್ಲ. ಬೆಳಗ್ಗೆ ತೊರೆಯಲ್ಲಿ ಮಿಂದು, ಪರಿಮಳದ ಸೊಪ್ಪನ್ನು ಮೈಗೆ ಉಜ್ಜಿಕೊಂಡು, ಬರಿಹೊಟ್ಟೆಯಲ್ಲಿ ಹೊರಡುತ್ತಿದ್ದ. ನೋಡುವವರಿಗೆ ಅದು ವ್ರತದಂತೆ ಕಾಣುತ್ತಿತ್ತು. ಮೃಗದ ಮೂಗಿಗೆ ಮನುಷ್ಯನ ವಾಸನೆ ಬಡಿಯದಂತೆ ಮಾಡುವ ಉಪಾಯವೂ ಅದರಲ್ಲಿತ್ತು.

1916ರ ಮಾರ್ಚ್ ತಿಂಗಳಲ್ಲಿ ಇಷಿ ಕ್ಷಯರೋಗದಿಂದ ತೀರಿಕೊಂಡ. ಯಾಹಿ ಮಾತನ್ನು ತಾಯ್ನುಡಿಯಾಗಿ ಆಡುವವರು ಆ ದಿನದಿಂದ ಭೂಮಿಯ ಮೇಲೆ ಇಲ್ಲವಾದರು. ಎದುರಿಗೆ ಕೂತು ಉತ್ತರ ಕೊಡುವವರಿಲ್ಲದ ಭಾಷೆಯೆಂದರೆ ಏನೆಂಬುದನ್ನು ನಮ್ಮ ಓದುಗರಿಗೆ ವಿವರಿಸಿ ಹೇಳಬೇಕಾಗಿಲ್ಲ. ಅವನ ಮಾತು ಹೋಯಿತು, ಕೈಯ ವಿದ್ಯೆ ಮಾತ್ರ ಉಳಿಯಿತು. ಪೋಪ್ 1923ರಲ್ಲಿ ಬಿಲ್ಲಿನ ಬೇಟೆಯ ಬಗ್ಗೆ ಪುಸ್ತಕ ಬರೆದು ಪ್ರಕಟಿಸಿದ. ಅವನ ಮತ್ತು ಅವನ ಸಂಗಾತಿ ಆರ್ಥರ್ ಯಂಗ್‌ನ ಹೆಸರಿನಲ್ಲಿ 1961ರಲ್ಲಿ ಹುಟ್ಟಿದ ‘ಪೋಪ್ ಅಂಡ್ ಯಂಗ್ ಕ್ಲಬ್’ ಇಂದಿಗೂ ಉತ್ತರ ಅಮೇರಿಕದ ಬಿಲ್ಲುಬೇಟೆಯ ದಾಖಲೆ ಇಡುತ್ತಿದೆ.

ಇನ್ನೊಂದು ವಿಚಿತ್ರವನ್ನೂ ಹೇಳಬೇಕು. ಇಷಿ ಸಿಕ್ಕಿದ ಅದೇ 1911ರಲ್ಲಿ ಕ್ಯಾಲಿಫೋರ್ನಿಯ ತನ್ನ ಬಾವುಟಕ್ಕೆ ಗ್ರಿಜ್ಲಿ ಕರಡಿಯ ಚಿತ್ರವನ್ನು ಕಾನೂನು ಪ್ರಕಾರ ಅಂಗೀಕರಿಸಿತು. ಬಂದೂಕು, ವಿಷ, ಉರುಲುಗಳ ಮುಂದೆ ಆ ದೊಡ್ಡ ಕರಡಿ ನಿಲ್ಲಲಿಲ್ಲ. 1922ರಲ್ಲಿ ಅಲ್ಲಿ ಕೊನೆಯ ಗ್ರಿಜ್ಲಿ ಕೊಲ್ಲಲ್ಪಟ್ಟಿತೆಂದು ದಾಖಲೆಯಿದೆ. ಈಗ ಅದು ಬಾವುಟದಲ್ಲಿ ಮಾತ್ರ ಇದೆ, ಕಾಡಿನಲ್ಲಿ ಇಲ್ಲ. ಉಳಿದುಕೊಂಡದ್ದು ಅದರ ಚಿಕ್ಕ ದಾಯಾದಿ, ಕಪ್ಪು ಕರಡಿ.

ಹೊಟ್ಟೆ ತುಂಬದ ತಿಂಗಳುಗಳು

ಹೆಸರು ಕಪ್ಪು ಕರಡಿಯಾದರೂ ಅದರ ಮೈಬಣ್ಣ ಕಂದು, ದಾಲ್ಚಿನ್ನಿ ಬಣ್ಣ, ಅಪರೂಪಕ್ಕೆ ಬಿಳಿಯೂ ಇರುವುದುಂಟು. ಉತ್ತರ ಅಮೇರಿಕದಲ್ಲಿ ಇವುಗಳ ಸಂಖ್ಯೆ ಆರು ಲಕ್ಷಕ್ಕೂ ಮಿಕ್ಕಿದೆ. ನಮ್ಮ ಕಡೆಯ ಕರಡಿ ಗೆದ್ದಲು, ಇರುವೆ, ಜೇನು ಹುಡುಕಿ ತಿನ್ನುವಂಥದು. ಚಳಿಗಾಲವೆಂದು ಅದು ಮಲಗುವುದಿಲ್ಲ. ಅಮೇರಿಕದ ಕಪ್ಪು ಕರಡಿ ಹೆಚ್ಚಾಗಿ ಹಣ್ಣು, ಕಾಯಿ, ಬೇರು, ಹುಳುಗಳನ್ನು ತಿಂದು ಬದುಕುತ್ತದೆ. ಚಳಿಗಾಲ ಬಂದರೆ ಬಿಲ ಸೇರಿ ತಿಂಗಳುಗಟ್ಟಲೆ ತಿನ್ನದೆ, ಕುಡಿಯದೆ, ಮೈಯ ಕೊಬ್ಬನ್ನೇ ಕರಗಿಸಿ ಜೀವ ಹಿಡಿದುಕೊಳ್ಳುತ್ತದೆ.

ಆ ಕೊಬ್ಬನ್ನು ಕೂಡಿಸುವ ಕಾಲ ಬೇಸಿಗೆಯ ಕೊನೆ. ಆಗ ಕರಡಿಗೆ ತಿನ್ನುವುದೊಂದೇ ಕೆಲಸ. ಕಾಡಿನ ಬೆರ್ರಿ ಹಣ್ಣುಗಳು, ಆಮೇಲೆ ಓಕ್ ಮರದ ಕಾಯಿಗಳು. ದಿನಕ್ಕೆ 20,000 ಕ್ಯಾಲೊರಿಯಷ್ಟು ತಿನ್ನುವುದುಂಟೆಂದು ಬಲ್ಲವರು ಹೇಳುತ್ತಾರೆ. ದುಡಿಯುವ ಮನುಷ್ಯನೊಬ್ಬನಿಗೆ ಒಂದು ವಾರಕ್ಕೆ ಸಾಲುವ ಊಟ ಅದು.

ಹೆಣ್ಣು ಕರಡಿಯ ಪಾಲಿಗೆ ಈ ಊಟ ಇನ್ನೂ ದೊಡ್ಡ ಮಾತು. ಬೇಸಿಗೆಯ ಮೊದಲಲ್ಲಿ ಕೂಡಿದರೂ ಭ್ರೂಣ ಕೂಡಲೇ ಬೆಳೆಯುವುದಿಲ್ಲ. ಶರತ್ಕಾಲ ಮುಗಿಯುವ ತನಕ ಕಾದು, ತಾಯಿಯ ಮೈಯಲ್ಲಿ ಸಾಕಷ್ಟು ಕೊಬ್ಬು ಇದ್ದರೆ ಮಾತ್ರ ಗರ್ಭಕೋಶದಲ್ಲಿ ನೆಲೆಯಾಗುತ್ತದೆ. ಜನವರಿ, ಫೆಬ್ರವರಿಯ ಚಳಿಯಲ್ಲಿ ಬಿಲದೊಳಗೆ ಒಂದು ಪೌಂಡೂ ತೂಗದ ಮರಿಗಳು ಹುಟ್ಟುತ್ತವೆ. ಹಿಂದಿನ ಚಳಿಗಾಲದಲ್ಲಿ ಹುಟ್ಟಿದ ಮರಿಗಳು ಬೇಟೆಯ ಕಾಲಕ್ಕೆ ಏಳೆಂಟು ತಿಂಗಳಿನವಾಗಿ ತಾಯಿಯ ಹಿಂದೆಯೇ ಸುತ್ತುತ್ತಿರುತ್ತವೆ. ಇದಿಷ್ಟು ತಿಳಿದರೆ ಈ ಬೇಟೆಯಲ್ಲಿ ಒಂದು ತಪ್ಪು ಬಾಣದ ಬೆಲೆ ಎಷ್ಟೆಂಬುದು ಅರ್ಥವಾಗುತ್ತದೆ.

ಗಾಳಿ ಮತ್ತು ಇಪ್ಪತ್ತು ಗಜ

ಬಿಲ್ಲುಗಾರ ಕರಡಿಯನ್ನು ಹುಡುಕುವುದು ಅದರ ಊಟ ಮತ್ತು ನೀರಿನ ದಾರಿ ಹಿಡಿದು. ಹಣ್ಣಿನ ಪೊದೆ, ಒಣಗದೆ ಉಳಿದ ತೋಡು, ಬೀಜ ತುಂಬಿದ ಹಿಕ್ಕೆ, ಮರದ ತೊಗಟೆಯ ಮೇಲಿನ ಉಗುರಿನ ಗೀರು ಇವೆಲ್ಲ ಅವನ ಗುರುತುಗಳು. ಕರಡಿಯ ಕಣ್ಣಿಗಿಂತಲೂ ಮೂಗು ಬಲವಾದುದು. ಬಿಸಿಲು ಏರಿದಂತೆ ಕಣಿವೆಯ ಗಾಳಿ ಮೇಲಕ್ಕೇರುತ್ತದೆ, ಸಂಜೆ ತಂಪಾದಂತೆ ಕೆಳಕ್ಕಿಳಿಯುತ್ತದೆ. ಇದನ್ನು ತಿಳಿಯದವನು ಎಂಥ ಗುರಿಕಾರನಾದರೂ ಬರಿಗೈಯಲ್ಲಿ ಮನೆಗೆ ಬರಬೇಕು.

ಇಂದಿನ ಬಿಲ್ಲು ಇಷಿಯ ಬಿಲ್ಲಲ್ಲ. ಹೋಲಿಸ್ ಅಲೆನ್ ಎಂಬಾತ 1969ರಲ್ಲಿ ಪೇಟೆಂಟ್ ಪಡೆದ ರಾಟೆ ಬಿಲ್ಲಿನಲ್ಲಿ ಹೆದೆಯನ್ನು ಪೂರ್ತಿ ಎಳೆದ ಮೇಲೆ ಭಾರ ಬಹುಪಾಲು ಇಳಿದುಹೋಗುತ್ತದೆ. ಹಿಡಿದು ನಿಂತು ಗುರಿ ನೋಡಬಹುದು. ಆದರೂ ಒಳ್ಳೆಯ ಬಿಲ್ಲುಗಾರ ಕರಡಿಗೆ ಇಪ್ಪತ್ತು ಮೂವತ್ತು ಗಜದೊಳಗೆ ಹೋಗದೆ ಬಾಣ ಬಿಡಲು ಬಯಸುವುದಿಲ್ಲ. ನಮ್ಮ ಮನೆಯ ಜಗಲಿಯಿಂದ ಅಂಗಳ ದಾಟಿ ಹಟ್ಟಿಗಿರುವಷ್ಟೇ ದೂರ!

ಬಾಣವು ಗುಂಡಿನಂತೆ ಆಘಾತದಿಂದ ಕೊಲ್ಲುವುದಿಲ್ಲ. ಕ್ಷೌರದ ಕತ್ತಿಯಷ್ಟು ಹರಿತವಾದ ಅಲಗು ಒಳಹೊಕ್ಕು ರಕ್ತನಾಳಗಳನ್ನು ಕತ್ತರಿಸುತ್ತದೆ. ಎರಡು ಶ್ವಾಸಕೋಶಗಳನ್ನೂ ಹಾದುಹೋದರೆ ಕರಡಿ ಕೆಲವೇ ಕ್ಷಣಗಳಲ್ಲಿ ಬೀಳುತ್ತದೆ. ಅದಕ್ಕಾಗಿ ಅದು ಪಕ್ಕ ಕೊಟ್ಟು ನಿಲ್ಲುವ ತನಕ, ಇಲ್ಲವೇ ತುಸು ಆಚೆಗೆ ತಿರುಗುವ ತನಕ ಕಾಯಬೇಕು. ಎದುರಾಗಿ ನಿಂತ ಕರಡಿಗೆ ಬಾಣ ಬಿಡಬಾರದೆಂಬುದು ಬಲ್ಲವರ ಮಾತು. ಗುರಿ ತಪ್ಪಿ ಹೊಟ್ಟೆಗೆ ತಗಲಿದರೆ ಆ ಪ್ರಾಣಿ ಗಂಟೆಗಟ್ಟಲೆ ನರಳುತ್ತದೆ. ಹೆಜ್ಜೆ ಹಿಡಿದು ಹುಡುಕುವುದೂ ಸುಲಭವಲ್ಲ. ದಪ್ಪ ಕೊಬ್ಬು ಗಾಯವನ್ನು ಮುಚ್ಚುತ್ತದೆ, ಉದ್ದ ಕೂದಲು ರಕ್ತವನ್ನು ಹೀರುತ್ತದೆ, ನೆಲದ ಮೇಲೆ ಹನಿ ಬೀಳುವುದೇ ಕಡಿಮೆ. ಬಿಲ್ಲಿನ ಬೇಟೆಯನ್ನು ವಿರೋಧಿಸುವವರ ಮುಖ್ಯ ಆಕ್ಷೇಪವೂ ಇದೇ. ಆ ಆಕ್ಷೇಪವನ್ನು ಹಗುರವಾಗಿ ತಳ್ಳಿಹಾಕುವಂತಿಲ್ಲ.

ಸತ್ತ ಮೇಲೂ ಆತುರ ತಪ್ಪುವುದಿಲ್ಲ. ಆಗಸ್ಟ್ ಸೆಕೆಯಲ್ಲಿ ಕೂದಲು, ಕೊಬ್ಬು ಎರಡೂ ಬಿಸಿಯನ್ನು ಹಿಡಿದಿಡುವುದರಿಂದ ಕೂಡಲೇ ಚರ್ಮ ಸುಲಿದು ಮಾಂಸವನ್ನು ತಂಪು ಮಾಡದಿದ್ದರೆ ಕೆಡುತ್ತದೆ. ಕರಡಿಯ ಮಾಂಸದಲ್ಲಿ ಟ್ರೈಕಿನೆಲ್ಲಾ ಎಂಬ ಹುಳುವಿನ ಭಯವಿದೆ. ಶೀತಪೆಟ್ಟಿಗೆಯಲ್ಲಿ ಇಟ್ಟ ಮಾತ್ರಕ್ಕೆ ಅದು ಸಾಯುತ್ತದೆಂಬ ಭರವಸೆಯಿಲ್ಲ. ಒಳಗಿನ ತನಕ 71 ಡಿಗ್ರಿ ಸೆಲ್ಸಿಯಸ್ ಬಿಸಿ ತಾಗುವಂತೆ ಬೇಯಿಸಲೇಬೇಕು.

ಕಾನೂನಿನ ಗೆರೆ

ಕ್ಯಾಲಿಫೋರ್ನಿಯದ ನಿಯಮಗಳನ್ನು ನೋಡಿದರೆ ಬೇಟೆಯೆಂಬುದು ಅಲ್ಲಿ ಮನಬಂದಂತೆ ನಡೆಯುವ ವ್ಯವಹಾರವಲ್ಲವೆಂದು ತಿಳಿಯುತ್ತದೆ. ಪರವಾನಗಿ ಬೇಕು, ಕರಡಿಗೆಂದೇ ಬೇರೆ ಚೀಟಿ ಬೇಕು. ಬಿಲ್ಲು ಬೇಟೆಯ ಬಾಣವನ್ನು 130 ಗಜ ದೂರ ಎಸೆಯುವಷ್ಟು ಬಲವುಳ್ಳದ್ದಾಗಿರಬೇಕು. ಬಾಣದ ಅಲಗು ಒಂದು ಅಂಗುಲದ ಎಂಟರಲ್ಲಿ ಏಳು ಭಾಗದಷ್ಟು ಅಗಲದ ತೂತಿನಲ್ಲಿ ತೂರದಂತಿರಬೇಕು. ಮರಿಗಳನ್ನಾಗಲಿ, ಮರಿಗಳಿರುವ ತಾಯಿಯನ್ನಾಗಲಿ ಕೊಲ್ಲಕೂಡದು. ತಾಯಿ ಮರಿಗಳನ್ನು ಮರ ಹತ್ತಿಸಿ ತಾನೊಬ್ಬಳೇ ಬಯಲಿಗೆ ಬರುವುದುಂಟು. ಆದುದರಿಂದ ಕಂಡೊಡನೆ ಹೆದೆ ಎಳೆಯದೆ ಸುತ್ತಲೂ ನೋಡಿಕೊಳ್ಳುವುದು ಬೇಟೆಗಾರನ ಕರ್ತವ್ಯ. ಕೊಂದ ಕರಡಿಯ ತಲೆಬುರುಡೆಯನ್ನು ಇಲಾಖೆಗೆ ಒಪ್ಪಿಸಿ ತೋರಿಸಬೇಕು. ಅವರು ಒಂದು ಹಲ್ಲು ಕಿತ್ತು, ಮರದ ಉಂಗುರ ಎಣಿಸುವಂತೆ ಅದರ ಗೆರೆ ಎಣಿಸಿ ವಯಸ್ಸು ಕಂಡುಹಿಡಿಯುತ್ತಾರೆ. ವರ್ಷಕ್ಕೆ 1,700 ಕರಡಿಗಳಾದರೆ ಬೇಟೆ ನಿಲ್ಲಬೇಕೆಂಬ ಮಿತಿ ಬಹುಕಾಲ ಜಾರಿಯಲ್ಲಿತ್ತು.

ಎಲ್ಲಕ್ಕಿಂತ ದೊಡ್ಡ ಜಗಳ ಆಮಿಷದ್ದು. ಮೇಯ್ನ್ ಮುಂತಾದ ಕೆಲವು ರಾಜ್ಯಗಳಲ್ಲಿ ಹಳಸಿದ ಸಿಹಿತಿಂಡಿ, ಬ್ರೆಡ್ಡು, ಕಾಕಂಬಿಗಳನ್ನು ವಾರಗಟ್ಟಲೆ ಒಂದೇ ಕಡೆ ಇಟ್ಟು, ಕರಡಿಗೆ ರುಚಿ ಹತ್ತಿಸಿ, ಮರದ ಮೇಲಿನ ಅಟ್ಟಣೆಯಲ್ಲಿ ಕೂತು ಕೊಲ್ಲುತ್ತಾರೆ. ಹೊಟ್ಟೆ ತುಂಬಿಸುವುದೊಂದೇ ಧ್ಯಾನವಾಗಿರುವ ತಿಂಗಳಲ್ಲಿ ಇದು ಮೋಸವೆಂದು ಒಂದು ಪಕ್ಷ. ದಟ್ಟ ಕಾಡಿನಲ್ಲಿ ಬೇರೆ ಉಪಾಯವಿಲ್ಲ, ಹತ್ತಿರದಿಂದ ನಿಧಾನವಾಗಿ ನೋಡಿದರೆ ಮರಿಯಿರುವ ತಾಯಿಯನ್ನು ಬಿಡಬಹುದು, ಬಾಣವೂ ಸರಿಯಾಗಿ ತಗಲುತ್ತದೆ ಎಂದು ಇನ್ನೊಂದು ಪಕ್ಷ. ಜನರೇ ಮತ ಹಾಕಿ ಕೊಲೊರಾಡೊದಲ್ಲಿ 1992ರಲ್ಲಿ, ಓರೆಗಾನಿನಲ್ಲಿ 1994ರಲ್ಲಿ, ವಾಷಿಂಗ್ಟನ್ ರಾಜ್ಯದಲ್ಲಿ 1996ರಲ್ಲಿ ಆಮಿಷದ ಬೇಟೆಯನ್ನು ನಿಲ್ಲಿಸಿದರು. ಮೇಯ್ನ್‌ನಲ್ಲಿ 2004 ಮತ್ತು 2014ರಲ್ಲಿ ಇದೇ ಪ್ರಶ್ನೆ ಮತಕ್ಕೆ ಬಂದು ಎರಡು ಸಲವೂ ಸೋತಿತು. ಕ್ಯಾಲಿಫೋರ್ನಿಯದಲ್ಲಿ ಆಮಿಷ ಇಟ್ಟ ಜಾಗದ ಸುತ್ತ 400 ಗಜದೊಳಗೆ ಕರಡಿಯನ್ನು ಕೊಲ್ಲುವಂತಿಲ್ಲ.

ನಮ್ಮ ಮಾತು

1972ರಲ್ಲಿ ಅಮೇರಿಕ ಒಂದು ಕಾನೂನು ಮಾಡಿ ಬಿಲ್ಲುಬಾಣಗಳ ಮೇಲೂ ತೆರಿಗೆ ಹಾಕಿತು. ಆ ಹಣ ವನ್ಯಜೀವಿಗಳ ರಕ್ಷಣೆಗೆ ಹೋಗುತ್ತದೆ. ಅದೇ 1972ರಲ್ಲಿ ನಮ್ಮ ದೇಶ ವನ್ಯಜೀವಿ ಸಂರಕ್ಷಣಾ ಕಾಯಿದೆಯನ್ನು ತಂದಿತು. ಆ ಕಾಯಿದೆಯಡಿ ನಮ್ಮ ಕರಡಿಯನ್ನು ಬೇಟೆಯಾಡುವುದು ದೊಡ್ಡ ಅಪರಾಧ. ಹಂಪಿಯ ಸಮೀಪದ ದರೋಜಿಯಲ್ಲಿ 1994ರಲ್ಲಿ ಕರಡಿಗಳಿಗೆಂದೇ ಅಭಯಧಾಮವಾಯಿತು. ಎರಡು ದೇಶಗಳು ಎರಡು ದಾರಿ ಹಿಡಿದವು. ಅಲ್ಲಿನ ದಾರಿಯನ್ನು ಇಲ್ಲಿಗೆ ತರಬೇಕೆಂದು ನಾವು ಹೇಳುತ್ತಿಲ್ಲ. ಅವರ ಕರಡಿ ಲಕ್ಷಗಟ್ಟಲೆ ಇದೆ, ನಮ್ಮದಕ್ಕೆ ಆ ಭಾಗ್ಯವಿಲ್ಲ.

ಆದರೆ ತೋಟಕ್ಕೆ ಹಂದಿ ನುಗ್ಗಿ ಬೆಳೆ ಹಾಳು ಮಾಡಿದಾಗಲೆಲ್ಲ, ಕೊಲ್ಲಬಹುದೇ, ಕೊಂದರೆ ಹೇಗೆ ಎಂಬ ಚರ್ಚೆ ನಮ್ಮ ಊರುಗಳಲ್ಲಿಯೂ ಏಳುತ್ತದೆ. ಕಾಡುಹಂದಿಯನ್ನು ಕೊಲ್ಲಲು ಅನುಮತಿ ಕೊಡುವ ಅಧಿಕಾರವನ್ನು 2022ರಲ್ಲಿ ಕೇರಳ ಸರಕಾರ ಪಂಚಾಯತು ಅಧ್ಯಕ್ಷರಂಥವರ ಕೈಗೆ ಒಪ್ಪಿಸಿದ ಮೇಲೆ ಆ ಹೊಣೆ ನಮ್ಮ ಹತ್ತಿರಕ್ಕೇ ಬಂದಿದೆ. ಉರುಲು, ಸಿಡಿಮದ್ದು ಇಡುವವನು ಯಾವ ಪ್ರಾಣಿ ಸಾಯುತ್ತದೆ, ಎಷ್ಟು ಹೊತ್ತು ನರಳುತ್ತದೆ ಎಂದು ನೋಡಲು ಅಲ್ಲಿ ಇರುವುದಿಲ್ಲ. ಬಿಲ್ಲುಗಾರ ಇಪ್ಪತ್ತು ಗಜದಲ್ಲಿ ನಿಂತು ಎಲ್ಲವನ್ನೂ ತನ್ನ ಕಣ್ಣಿನಿಂದಲೇ ನೋಡಬೇಕು. ಮರಿ ಇದೆಯೆಂಬ ಸಂಶಯ ಬಂದರೆ, ಕರಡಿ ಸರಿಯಾಗಿ ನಿಲ್ಲದಿದ್ದರೆ, ಎಳೆದ ಹೆದೆಯನ್ನು ಹಾಗೆಯೇ ಇಳಿಸಿ ಮನೆಗೆ ಹೋಗಬೇಕು. ಬಹಳ ಮಂದಿ ಹಾಗೆ ಬರಿಗೈಯಲ್ಲಿ ಮರಳುತ್ತಾರೆ. ಒಂದು ಜೀವ ತೆಗೆಯಲು ಹೊರಟವನಿಗೆ ಇಷ್ಟಾದರೂ ಕಷ್ಟವಿರಬೇಕೆಂಬುದೇ ನಮ್ಮ ಅಭಿಪ್ರಾಯ.