ಕಾರ್ಣಿಕಕ್ಕೆ ರೀಟೇಕ್ ಇಲ್ಲ

ದಸರೆ ಮುಗಿಯುವ ಹೊತ್ತಿನ ಆ ಬೆಳಗಿನ ಜಾವ ಬೀರೂರಿನ ಮಹಾನವಮಿ ಬಯಲಿನಲ್ಲಿ ಕತ್ತಲೆ ಇನ್ನೂ ಹರಿದಿರುವುದಿಲ್ಲ. ಜನ ಮಾತ್ರ ಆಗಲೇ ಕಿಕ್ಕಿರಿದಿರುತ್ತಾರೆ. ಕಂಬಳಿ ಹೊದ್ದ ಅಜ್ಜಂದಿರು, ಮಗುವನ್ನು ಹೆಗಲೇರಿಸಿಕೊಂಡ ಅಪ್ಪಂದಿರು, ಹಣೆಗೂ ಅಂಗಿಗೂ ಒಂದೇ ಅರಿಸಿನ ಬಣ್ಣ. ಡಮರುಗದ ಬಡಿತದ ನಡುವೆ ಒಬ್ಬರು ‘ಏಳುಕೋಟಿ ಏಳುಕೋಟಿಗೋ’ ಎಂದರೆ ಬಯಲಿಡೀ ‘ಚಾಂಗಮಲೋ’ ಎನ್ನುತ್ತದೆ. ಎಲ್ಲರೂ ಕಾಯುತ್ತಿರುವುದು ಮೈಲಾರಲಿಂಗಸ್ವಾಮಿಯ ಗೊರವಯ್ಯ ನುಡಿಯುವ ಕಾರ್ಣಿಕಕ್ಕೆ. ಮುಂದಿನ ದಿನಗಳ ಮಳೆ, ಬೆಳೆ, ರೋಗರುಜಿನ, ರಾಜಕಾರಣ ಎಲ್ಲವೂ ಒಂದೆರಡು ಒಗಟಿನಂಥ ಮಾತಿನಲ್ಲಿ ಬಂದುಹೋಗುತ್ತವೆ. ಇನ್ನೊಮ್ಮೆ ಹೇಳಿ ಎನ್ನುವ ಹಾಗಿಲ್ಲ.

ಈ ಗುಂಪಿನಲ್ಲೇ ಎಲ್ಲೋ ಒಬ್ಬ ವಿಡಿಯೊ ಹುಡುಗ ಇರುತ್ತಾನೆ. ಉಳಿದ ದಿನ ಮದುವೆ, ಗೃಹಪ್ರವೇಶ. ಇವತ್ತು ಯಾವುದೋ ಯೂಟ್ಯೂಬ್ ಚಾನೆಲ್ಲಿಗೆ. ಬೆನ್ನಿನ ಚೀಲದಲ್ಲಿ ಇಡೀ ವರ್ಷದ ಉಳಿತಾಯ ಲೆನ್ಸಿನ ರೂಪದಲ್ಲಿದೆ. ಮೈಕು? ಕ್ಯಾಮೆರಾದ ತಲೆಯ ಮೇಲೆ ಕೂತ ಗೇಣುದ್ದದ್ದು ಒಂದು. ಈ ಲೆಕ್ಕಾಚಾರ ತಲೆಕೆಳಗು ಅನ್ನುವುದು ನನ್ನ ವಾದ. ಚಿತ್ರ ಕೊಂಚ ಮಬ್ಬಾದರೂ ಊರವರು ನೋಡುತ್ತಾರೆ. ಮಾತು ಕೇಳಿಸದಿದ್ದರೆ ಕಾರ್ಣಿಕದ ವಿಡಿಯೊದಲ್ಲಿ ಉಳಿಯುವುದಾದರೂ ಏನು?

ಜೂಮ್ ಮಾಡಿದರೆ ಗೊರವಯ್ಯನವರ ಮುಖ ಹತ್ತಿರ ಬರುತ್ತದೆ, ದನಿ ಬರುವುದಿಲ್ಲ. ತೆರೆದ ಬಯಲಿನಲ್ಲಿ ದೂರ ಎರಡರಷ್ಟಾದಾಗಲೆಲ್ಲ ದನಿಯ ಮಟ್ಟ 6 ಡೆಸಿಬೆಲ್ ಇಳಿಯುತ್ತದೆ. ಒಂದು ಮೀಟರಿನಲ್ಲಿ ಕೇಳಿದ್ದು 16 ಮೀಟರಿಗೆ ಹೋಗುವಷ್ಟರಲ್ಲಿ 24 ಡೆಸಿಬೆಲ್ ಕಳೆದುಕೊಂಡಿರುತ್ತದೆ. ಪಕ್ಕದಲ್ಲಿ ಕೆಮ್ಮುವ ಅಜ್ಜನ ದನಿಗೆ ಅಂಥ ನಷ್ಟವೇನಿಲ್ಲ. ಇನ್ನೊಂದು ತೊಡಕು, ಶಬ್ದ ಸೆಕೆಂಡಿಗೆ ಸುಮಾರು 340 ಮೀಟರ್ ಮಾತ್ರ ಸಾಗುತ್ತದೆ. 34 ಮೀಟರ್ ಆಚೆ ನಿಂತು ತೆಗೆದರೆ ಸೆಕೆಂಡಿನ ಹತ್ತನೇ ಒಂದು ಭಾಗ ತಡ. 25 ಫ್ರೇಮಿನ ವಿಡಿಯೊದಲ್ಲಿ ಅದು ಎರಡೂವರೆ ಫ್ರೇಮು. ತುಟಿ ಮೊದಲು, ಮಾತು ಆಮೇಲೆ.

ಹಾಗಾದರೆ ಕಾಲರ್ ಮೈಕ್? ಗೊರವಯ್ಯನವರ ಕಂಬಳಿಗೆ ಮೈಕು ಸಿಕ್ಕಿಸುತ್ತೇನೆ ಎಂದು ಕೇಳುವ ಧೈರ್ಯ ಯಾರಿಗಿದೆ? ಇದ್ದರೂ ಕೇಳಬಾರದು. ಉಣ್ಣೆ ಉಜ್ಜಿದ ಕರಕರ ಬಿಟ್ಟು ಬೇರೇನೂ ಸಿಗುವುದಿಲ್ಲ, ಅದು ಬೇರೆ ಮಾತು. ವೈರ್‌ಲೆಸ್ ಆದರೆ ಇನ್ನೊಂದು ಪಾಡು. ಸಾಮಾನ್ಯವಾಗಿ ಸಿಗುವ ಪುಟ್ಟ ಸೆಟ್ಟುಗಳು 2.4 ಗಿಗಾಹರ್ಟ್ಸ್‌ನಲ್ಲಿ ಕೆಲಸ ಮಾಡುತ್ತವೆ. ವೈಫೈ, ಬ್ಲೂಟೂತ್ ಕೂಡ ಅಲ್ಲೇ. ಮನುಷ್ಯರ ಮೈ ಆ ಅಲೆಯನ್ನು ತಡೆಯುತ್ತದೆ. ಸಾವಿರಾರು ಫೋನು, ಸಾವಿರಾರು ಮೈ ಇರುವ ಜಾಗದಲ್ಲಿ ಸರಿಯಾಗಿ ಬೇಕಾದ ಪದವೇ ಕಡಿದುಹೋದರೆ ಯಾರನ್ನು ದೂರುವುದು?

ಉಳಿಯುವುದು ಗನ್ ಮೈಕ್. ಉದ್ದನೆಯ ಕೊಳವೆಯ ಇಕ್ಕೆಲದಲ್ಲಿ ಸೀಳುಗಳಿರುತ್ತವೆ. ಪಕ್ಕದಿಂದ ಬಂದ ಶಬ್ದ ಆ ಸೀಳುಗಳ ಮೂಲಕ ಬೇರೆಬೇರೆ ಹೊತ್ತಿಗೆ ಒಳಹೊಕ್ಕು ತನ್ನನ್ನು ತಾನೇ ಅಳಿಸಿಕೊಳ್ಳುತ್ತದೆ, ಎದುರಿನದು ಉಳಿಯುತ್ತದೆ. ದೂರದ ದನಿಯನ್ನು ಎಳೆದು ತರುವ ಮಂತ್ರವೇನೂ ಅದರಲ್ಲಿಲ್ಲ. ಕ್ಯಾಮೆರಾ ಬಿಟ್ಟು ಅದನ್ನು ಉದ್ದನೆಯ ಗಳುವಿಗೆ ಕಟ್ಟಿ, ಜನರ ತಲೆಯ ಮೇಲಿಂದ ಚಾಚಿ, ಬಾಯಿಗೆ ಎಷ್ಟು ಹತ್ತಿರವೋ ಅಷ್ಟು ಒಯ್ಯಬೇಕು. ತಲೆಗೆ ಕೂದಲಿನ ಕವಚ ಹಾಕಲೇಬೇಕು. ಗಾಳಿಗೂ ಬೇಕು, ಎರಚುವ ಭಂಡಾರದ ಅರಿಸಿನಕ್ಕೂ ಬೇಕು. ಆಮೇಲೆ ಕವಚ ಒಗೆದರೂ ಅದು ಹಳದಿಯೇ. ಜಾಣರು ಇನ್ನೂ ಒಂದು ಕೆಲಸ ಮಾಡುತ್ತಾರೆ: ಧ್ವನಿವರ್ಧಕದ ಪೆಟ್ಟಿಗೆಯ ಎದುರು ಸಣ್ಣ ರೆಕಾರ್ಡರ್ ಒಂದನ್ನು, ಮಟ್ಟ ತಗ್ಗಿಸಿ, ಮೊದಲೇ ಚಾಲೂ ಮಾಡಿ ಇಟ್ಟುಬಿಡುತ್ತಾರೆ.

ಮಟ್ಟ ತಗ್ಗಿಸುವುದೇ ಇಲ್ಲಿನ ನಿಜವಾದ ಕಸುಬು. ಹೂವಿನಹಡಗಲಿ ತಾಲ್ಲೂಕಿನ ಮೈಲಾರದ ಕಾರ್ಣಿಕದಲ್ಲಿ ಗೊರವಯ್ಯ ಬಿಲ್ಲನ್ನೇರಿ ‘ಸದ್ದಲೇ’ ಎಂದೊಡನೆ ಜನಸಾಗರ ಗಪ್‌ಚಿಪ್ ಆಗುವುದನ್ನು ಕೇಳಿದವರಿಗೆ ಇದು ಅರ್ಥವಾಗುತ್ತದೆ. ಮೌನ, ಒಂದು ಸಾಲು, ಆಮೇಲೆ ಒಮ್ಮೆಗೇ ಹರ್ಷೋದ್ಗಾರ. ಕ್ಯಾಮೆರಾದ ‘ಆಟೊ’ಗೆ ಬಿಟ್ಟರೆ ಅದು ಮೌನವನ್ನು ಹಿಗ್ಗಿಸಿ ಗುಸುಗುಸುವನ್ನೆಲ್ಲ ಎತ್ತಿಕೊಳ್ಳುತ್ತದೆ, ಮಾತು ಶುರುವಾದಾಗ ಬೆಚ್ಚಿಬಿದ್ದು ಮೊದಲ ಪದವನ್ನೇ ಒಡೆಯುತ್ತದೆ. ಕೈಯಿಂದ ಮಟ್ಟ ಇಡಬೇಕು, ಕಮ್ಮಿಯೇ ಇಡಬೇಕು. ಸಣ್ಣಗೆ ಸಿಕ್ಕ ದನಿಯನ್ನು ಆಮೇಲೆ ಏರಿಸಬಹುದು, ಒಡೆದದ್ದನ್ನು ಕೂಡಿಸಲಾಗದು. ಈಗಿನ 32 ಬಿಟ್ ಫ್ಲೋಟ್ ರೆಕಾರ್ಡರುಗಳು ಈ ಚಿಂತೆಯನ್ನು ಬಹುಪಾಲು ಕಳೆದಿವೆ.

ಬೆಳಕು ಹರಿದ ಮೇಲೆ ಚಹದಂಗಡಿಯಲ್ಲಿ ಫೋನುಗಳು ಹೊರಬರುತ್ತವೆ. ‘ಮಳೆ ಅಂದ್ರಪ್ಪಾ’ ಎಂದೊಬ್ಬರು, ‘ಇಲ್ಲ ಕಣಯ್ಯಾ, ಸರಿಯಾಗಿ ಕೇಳು, ಬೆಳೆ’ ಎಂದಿನ್ನೊಬ್ಬರು. ಅರ್ಥ ಬಿಡಿಸುವುದು ಹಿರಿಯರ ಕೆಲಸ, ಸರಿಯೇ. ಅಕ್ಷರವನ್ನಾದರೂ ಮೈಕು ನೆಟ್ಟಗೆ ಒಪ್ಪಿಸಬೇಡವೇ?

ನಮ್ಮ ಹುಡುಗ ಅಷ್ಟರಲ್ಲಿ ಬೀರೂರು ಜಂಕ್ಷನ್ನಿನ ಪ್ಲಾಟ್‌ಫಾರಂ ಸೇರಿರುತ್ತಾನೆ. ಕಾರ್ಣಿಕ ಕೇಳಿ ಊರಿಗೆ ಹೊರಟ ಅಜ್ಜನ ಎರಡು ಮಾತು ಬೇಕು. ಶಿವಮೊಗ್ಗದ ಹಳಿ 1899ರಲ್ಲಿ ಇಲ್ಲಿಂದ ಕವಲೊಡೆದಂದಿನಿಂದ ಈ ನಿಲ್ದಾಣಕ್ಕೆ ಸದ್ದು ತಪ್ಪಿದ್ದಿಲ್ಲ. ಇಲ್ಲಿ ಕಾಲರ್ ಮೈಕೇ ಸರಿ. ಗಲ್ಲದಿಂದ ಒಂದು ಗೇಣು ಕೆಳಗೆ, ಹೆಗಲ ಟವೆಲ್ಲು ತಾಗದ ಕಡೆ ಸಿಕ್ಕಿಸಬೇಕು. ಹೆಂಗಸರಾದರೆ ಕರಿಮಣಿ ಸರ ಕಿಣಿಗುಟ್ಟದಂತೆ ನೋಡಿಕೊಳ್ಳಬೇಕು. ಅಗ್ಗದ ಬೋಯಾ ಎಂ1 ಕೂಡ ಸಾಕು, ವೈರು 6 ಮೀಟರ್ ಉದ್ದವಿದೆ. ಆದರೆ ಇವನ ಕೈಯಲ್ಲಿರುವುದು ಗನ್ ಮೈಕು. ಫ್ರೇಮ್ ಚೆನ್ನಾಗಿರಲಿ ಎಂದು ಅಜ್ಜನನ್ನು ರೈಲಿಗೆ ಬೆನ್ನು ಮಾಡಿ ನಿಲ್ಲಿಸಿದ್ದಾನೆ. ಎಂದರೆ ಮೈಕಿನ ಮೂತಿ ಅಜ್ಜನ ಕಡೆಗೂ ಹೌದು, ಎಂಜಿನ್ ಕಡೆಗೂ ಹೌದು. ಹಾರ್ನ್ ಕೇಳಿದೊಡನೆ ಹೆಡ್‌ಫೋನ್ ಕಿತ್ತು, ‘ಅಜ್ಜಾ, ಈ ಕಡೆ ತಿರುಗಿ ನಿಂತ್ಕೊಳ್ಳಿ’ ಎಂದ. ಈಗ ಅಜ್ಜನ ಮುಖ ರೈಲಿಗೆ, ಮೈಕಿನ ಬೆನ್ನೂ ರೈಲಿಗೆ.

‘ರೈಲು ಬರಾಕಿಲ್ವೇನಪ್ಪ ಫೋಟೋದಾಗೆ?’

‘ಅದನ್ನ ಆಮೇಲೆ ಬೇರೆ ತಗೋತೀನಿ. ನೀವು ಹೇಳಿ, ಏನಂತ ನುಡಿದ್ರು?’

ಅಜ್ಜ ಗಂಟಲು ಸರಿಮಾಡಿಕೊಂಡು, ತಮಗೆ ಕೇಳಿಸಿದ್ದನ್ನು ಹೇಳತೊಡಗಿದರು.