ಮನಸ್ಸಿನ ನೋವಿಗೆ ದೂರದ ಕಿವಿ

ದೇಹದ ಗಾಯವನ್ನು ನಾವು ವೈದ್ಯರಿಗೆ ನಿಸ್ಸಂಕೋಚವಾಗಿ ತೋರಿಸುತ್ತೇವೆ. ಮನಸ್ಸಿನ ನೋವನ್ನು ಮಾತ್ರ ಬಚ್ಚಿಡುತ್ತೇವೆ. ದಕ್ಷಿಣ ಕೊಡಗಿನ ಪಾಲಿಬೆಟ್ಟದಂಥ ಕಾಫಿತೋಟಗಳ ನಾಡಿನಲ್ಲಿ ಈ ಸಂಕೋಚದೊಡನೆ ದೂರವೂ ಸೇರಿಕೊಳ್ಳುತ್ತದೆ. ಮನೋವೈದ್ಯರನ್ನು ಕಾಣಲು ಮಡಿಕೇರಿಗೋ ಮೈಸೂರಿಗೋ ಹೋಗಬೇಕಾದರೆ ತೋಟದ ಕಾರ್ಮಿಕನು ಒಂದು ದಿನದ ಕೂಲಿಯನ್ನೇ ಬಿಡಬೇಕು.

ಈ ಎರಡು ಅಡ್ಡಿಗಳನ್ನೂ ದಾಟಲು ಸಾಧ್ಯವೆ? 2022ರ ಅಕ್ಟೋಬರ್ 10ರಂದು ಆರಂಭವಾದ 'ಟೆಲಿ ಮಾನಸ್' ಅಂಥದೊಂದು ಪ್ರಯತ್ನ. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯು ಇದರ ಕೇಂದ್ರಸ್ಥಾನ. 14416ಕ್ಕೆ ಹಗಲಿರುಳೆನ್ನದೆ ಉಚಿತವಾಗಿ ಕರೆಮಾಡಿ ಕನ್ನಡದಲ್ಲಿಯೇ ಮಾತನಾಡಬಹುದು. ಮೊದಲು ತರಬೇತಿ ಹೊಂದಿದ ಆಪ್ತಸಲಹೆಗಾರರು ಆಲಿಸುತ್ತಾರೆ. ಅಗತ್ಯವಿದ್ದರೆ ತಜ್ಞರಿಗೆ ಒಪ್ಪಿಸುತ್ತಾರೆ. 2024ರಲ್ಲಿ ವೀಡಿಯೋ ಸೌಲಭ್ಯವೂ ಸೇರಿತು.

ಹಾಗಾದರೆ ಯಂತ್ರವೇ ವೈದ್ಯನಾಗಬಲ್ಲುದೆ? 1966ರಲ್ಲಿ ಅಮೆರಿಕದ ಜೋಸೆಫ್ ವೈಜೆನ್‌ಬಾಮ್ ಅವರು 'ಎಲೈಜಾ' ಎಂಬ ಗಣಕ ಕಾರ್ಯಕ್ರಮವನ್ನು ಪ್ರಕಟಿಸಿದರು. ಅದು ನಾವು ಬರೆದ ಮಾತನ್ನೇ ಪ್ರಶ್ನೆಯಾಗಿ ತಿರುಗಿಸುತ್ತಿತ್ತು. ಅದಕ್ಕೆ ಅರ್ಥಜ್ಞಾನವು ಕಿಂಚಿತ್ತೂ ಇರಲಿಲ್ಲ. ಆದರೂ ಜನರು ಅದರೆದುರು ಮನಸ್ಸು ಬಿಚ್ಚಿದರು. ಇದನ್ನು ಕಂಡು ಕರ್ತೃವೇ ಕಳವಳಗೊಂಡರು.

ಮನುಷ್ಯನೇ ಆಲಿಸುವಾಗಲೂ ತೊಡಕುಗಳುಂಟು. ಬರಿಯ ದನಿಯಲ್ಲಿ ನಡುಗುವ ಕೈ, ಬಾಡಿದ ಮುಖ ಕಾಣಿಸವು. ಇಕ್ಕಟ್ಟಾದ ಲೈನ್‌ಮನೆಯಲ್ಲಿ ಗುಟ್ಟಿನ ಮಾತಿಗೆ ಎಡೆಯಿಲ್ಲ. ಆದಕಾರಣ ಭಾರತದಲ್ಲಿ 2020ರಲ್ಲಿ ಹೊರಡಿಸಲಾದ ದೂರವೈದ್ಯದ ಮಾರ್ಗಸೂಚಿಯು, ದೂರದ ಸಮಾಲೋಚನೆ ಸಾಕೇ, ನೇರ ಪರೀಕ್ಷೆ ಬೇಕೇ ಎಂಬ ನಿರ್ಣಯವನ್ನು ವೈದ್ಯರ ವಿವೇಚನೆಗೆ ಬಿಟ್ಟಿದೆ.

ಸಹಪಾಠಿಯೊಬ್ಬರು ದಿನದಿನಕ್ಕೆ ಮಂಕಾಗುತ್ತಿರುವುದನ್ನು ಕಂಡರೆ ವಾಚಕರು ಮೊದಲು ಅವರ ಮಾತಿಗೆ ಕಿವಿಗೊಡಲಿ. ಬಳಿಕ ಈ ಸಂಖ್ಯೆಯನ್ನು ತಿಳಿಸಲಿ.